ವಾರಕ್ಕೆ ಮೂರು ಗಂಟೆಯ ವಿದೇಶಿ ಭಾಷೆ

ಪದವಿ ತರಗತಿಗಳಲ್ಲಿ ವಿದೇಶಿ ಭಾಷೆ ಕಲಿಸುವ ರೂಢಿಯ ಕ್ರಮ ಸರಳವಾದದ್ದು. ವಾರಕ್ಕೆ ಮೂರು ಗಂಟೆ, ಸೆಮಿಸ್ಟರಿಗೆ ಹದಿನೈದು ವಾರ. ಹಬ್ಬ, ಮುಷ್ಕರ, ಕಿರುಪರೀಕ್ಷೆಗಳಿಗೆ ಏನನ್ನೂ ಕಳೆಯದಿದ್ದರೆ ಒಟ್ಟು 45 ಗಂಟೆ. ಈ ಅಂಕಿಯ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕು. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸಲು ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯನ್ನೇ ನಡೆಸುತ್ತದೆ. ದಶಕಗಳ ಅನುಭವದ ಮೇಲೆ ಅದು ಕಟ್ಟಿಕೊಂಡಿರುವ ಲೆಕ್ಕದ ಪ್ರಕಾರ, ಇಂಗ್ಲಿಷ್ ಮಾತೃಭಾಷೆಯವನೊಬ್ಬ ಕಚೇರಿಯ ಕೆಲಸಕ್ಕೆ ಒದಗುವ ಮಟ್ಟ ಮುಟ್ಟಲು ಫ್ರೆಂಚ್, ಸ್ಪ್ಯಾನಿಷ್‌ಗಳಿಗೆ 600ರಿಂದ 750 ಗಂಟೆಯ ತರಗತಿ ಬೇಕು. ರಷ್ಯನ್, ಹಿಂದಿ, ತಮಿಳು, ತೆಲುಗಿಗೆ ಸುಮಾರು 1,100. ಅರಬ್ಬಿ, ಚೀನೀ, ಜಪಾನಿ, ಕೊರಿಯನ್‌ಗಳಿಗೆ 2,200. ನಮ್ಮ ಸೆಮಿಸ್ಟರಿನ ಲೆಕ್ಕದಲ್ಲಿ ರಷ್ಯನ್‌ನ 1,100 ಗಂಟೆ ಮುಗಿಯಲು ಹನ್ನೆರಡು ವರ್ಷ ಹಿಡಿಯುತ್ತದೆ. ರಾಜತಾಂತ್ರಿಕನ ಮಟ್ಟ ಯಾರಿಗೆ ಬೇಕು, ಅದರಲ್ಲಿ ಅರ್ಧ ಬಂದರೆ ಸಾಕು ಎಂದರೂ ಆರು ವರ್ಷ. ಎರಡು ಸೆಮಿಸ್ಟರ್ ಜರ್ಮನ್ ಓದಿದ ಹುಡುಗ ತನ್ನ ಹೆಸರು, ಊರು, ಹವ್ಯಾಸ ಹೇಳಿ ಅಲ್ಲಿಗೇ ನಿಲ್ಲುವುದಕ್ಕೆ ಅವನ ಸೋಮಾರಿತನವನ್ನಾಗಲಿ ಮೇಷ್ಟ್ರ ಅಸಡ್ಡೆಯನ್ನಾಗಲಿ ದೂರಬೇಕಾಗಿಲ್ಲ. ಆ ಗಂಟೆಗಳಲ್ಲಿ ಅಷ್ಟೇ ಆಗುವುದು. ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಕಾಲಿಟ್ಟವರಿಗೆ ವಿದೇಶಿ ಭಾಷೆ ಕಲಿಸುವುದೇ ಆದರೆ ಮೊದಲಲ್ಲೇ ಒತ್ತಾಗಿ, ದಿನಕ್ಕೆ ಹಲವು ಗಂಟೆ ಕಲಿಸಬೇಕು, ಆಮೇಲೆ ತೆಳುವಾಗಿ ಮುಂದುವರಿಸಬೇಕು. ಅದು ಆಗದಿದ್ದರೆ ಕಲಿಸದಿರುವುದೇ ಮೇಲು ಎಂಬುದು ಈ ಲೇಖನದ ವಾದ.

ಭಾಷೆ ನಿಜಕ್ಕೂ ಬರಲೇಬೇಕಾದ ಕಡೆ ವಾರಕ್ಕೆ ಮೂರು ಗಂಟೆಯ ಕ್ರಮವನ್ನು ಯಾರೂ ಅನುಸರಿಸಿಲ್ಲ ಎಂಬುದು ಮೊದಲ ಪುರಾವೆ. ಸೋವಿಯತ್ ಒಕ್ಕೂಟ 1960ರಲ್ಲಿ ಮಾಸ್ಕೋದಲ್ಲಿ ಜನಮೈತ್ರಿ ವಿಶ್ವವಿದ್ಯಾಲಯವನ್ನು ತೆರೆಯಿತು. ಮರುವರ್ಷ ಅದಕ್ಕೆ ಪ್ಯಾಟ್ರಿಸ್ ಲುಮುಂಬಾ ಹೆಸರು ಬಂತು. ಭಾರತ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳಿಂದ ಬಂದಿಳಿದವರಿಗೆ ರಷ್ಯನ್ ಅಕ್ಷರವೂ ಗೊತ್ತಿರುತ್ತಿರಲಿಲ್ಲ. ಅವರಿಗೆಂದೇ ಒಂದು ವರ್ಷದ ಪೂರ್ವಸಿದ್ಧತಾ ವಿಭಾಗವಿತ್ತು. ಮುಂದಿನ ವರ್ಷ ಅದೇ ವಿದ್ಯಾರ್ಥಿ ರಷ್ಯನ್ನರ ಜೊತೆ ಕೂತು ಭೌತಶಾಸ್ತ್ರದ ಉಪನ್ಯಾಸ ಕೇಳಬೇಕಿತ್ತು. ಚಿಕ್ಕ ಗುಂಪು, ದಿನವೂ ಹಲವು ಗಂಟೆ ಭಾಷೆ, ಮೊದಲ ವಾರಗಳಲ್ಲಿ ಉಚ್ಚಾರಣೆ ಮತ್ತು ದಿನಬಳಕೆಯ ಮಾತು. ಅದಾದ ಮೇಲೆ ಬರುವ ಹಂತವೇ ಈ ಪದ್ಧತಿಯ ಜಾಣ್ಮೆ: ವಿದ್ಯಾರ್ಥಿಗೆ ಮೊದಲೇ ಗೊತ್ತಿರುವ ಗಣಿತ, ರಸಾಯನಶಾಸ್ತ್ರವನ್ನು ನಿಧಾನದ ರಷ್ಯನ್‌ನಲ್ಲಿ ಮತ್ತೆ ಹೇಳಿಕೊಡುವುದು. ತ್ರಿಭುಜದ ವ್ಯಾಖ್ಯೆ ಹೇಳುವ ರಷ್ಯನ್ ವಾಕ್ಯದಲ್ಲಿ ‘ತ್ರಿಭುಜ’ ಎಂಬ ಪದ ತೃತೀಯಾ ವಿಭಕ್ತಿ ತಳೆಯುತ್ತದೆ. ಅದೇ ಎರಕದಲ್ಲಿ ಆಮ್ಲದ ವ್ಯಾಖ್ಯೆ, ವೇಗದ ವ್ಯಾಖ್ಯೆ, ಬಲದ ವ್ಯಾಖ್ಯೆ ಹೇಳುತ್ತ ಹೋದವನಿಗೆ ವಿಭಕ್ತಿ ಕೋಷ್ಟಕವನ್ನು ಉರು ಹೊಡೆಯುವ ಕಷ್ಟ ಅರ್ಧ ತಪ್ಪುತ್ತದೆ. ವಿಷಯ ಹಳೆಯದು, ಭಾಷೆ ಮಾತ್ರ ಹೊಸದು, ಹಾಗಾಗಿ ಗಮನವೆಲ್ಲ ಭಾಷೆಯ ಮೇಲೆ.

ಇದನ್ನು ಕಮ್ಯುನಿಸ್ಟ್ ದೇಶದ ಶಿಸ್ತಿನ ವಿಶೇಷ ಎಂದು ತಳ್ಳಿಹಾಕುವಂತಿಲ್ಲ. ಜಪಾನ್ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಪದವಿ ಓದಲು ಹೋಗುವವರು ಮೊದಲ ಒಂದು ವರ್ಷವನ್ನು ಟೋಕಿಯೋದ ವಿದೇಶಿ ಅಧ್ಯಯನ ವಿಶ್ವವಿದ್ಯಾಲಯದಲ್ಲೋ ಒಸಾಕಾದಲ್ಲೋ ಜಪಾನಿ ಕಲಿಯುವುದರಲ್ಲೇ ಕಳೆಯುತ್ತಾರೆ. ದಕ್ಷಿಣ ಕೊರಿಯಾದ ಸರ್ಕಾರಿ ವಿದ್ಯಾರ್ಥಿವೇತನದಲ್ಲೂ ಮೊದಲಿಗೆ ಒಂದು ವರ್ಷ ಕೊರಿಯನ್. ಟೋಪಿಕ್ ಎಂಬ ಕೊರಿಯನ್ ಭಾಷಾ ಪರೀಕ್ಷೆಯ ಮೂರನೇ ಮಟ್ಟ ದಾಟಿದ ಮೇಲೆಯೇ ಪದವಿಯ ಪಾಠ. ಟರ್ಕಿಯದೂ ಒಂದು ವರ್ಷ. ಒಬ್ಬರ ರಾಜಕೀಯ ಇನ್ನೊಬ್ಬರಿಗೆ ಆಗದ ಈ ದೇಶಗಳೆಲ್ಲ ಹೆಚ್ಚುಕಮ್ಮಿ ಒಂದೇ ಅವಧಿಗೆ ಬಂದು ನಿಂತಿರುವುದು ಕಾಕತಾಳೀಯ ಇರಲಾರದು. ಅಲ್ಲಿ ಭಾಷೆ ಬಾರದಿದ್ದರೆ ಮರುವರ್ಷದ ತರಗತಿಯಲ್ಲಿ ಅದು ಎಲ್ಲರಿಗೂ ಕಾಣುತ್ತದೆ. ನಮ್ಮ ಐಚ್ಛಿಕ ವಿಷಯದ ಫ್ರೆಂಚ್ ಬಾರದಿದ್ದರೆ ಯಾರಿಗೂ ಕಾಣುವುದಿಲ್ಲ. ಅಂಕಪಟ್ಟಿಯಲ್ಲಂತೂ ಪಾಸು ಎಂದೇ ಇರುತ್ತದೆ.

ಅಮೆರಿಕದ ಕಾಲೇಜುಗಳು ಇದೇ ಪ್ರಶ್ನೆಯನ್ನು ನೂರು ವರ್ಷದಿಂದ ಮಗುಚಿಹಾಕುತ್ತಿವೆ. 1929ರ ಕೋಲ್ಮನ್ ವರದಿ ಅಲ್ಲಿನ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ವಿದೇಶಿ ಭಾಷೆಯನ್ನು ಎರಡೇ ವರ್ಷ ಓದಿ ಬಿಡುತ್ತಾರೆಂಬುದನ್ನು ಕಂಡುಕೊಂಡು, ಅಷ್ಟು ಸಮಯದಲ್ಲಿ ಮಾತು ಬರುವುದು ಸಾಧ್ಯವಿಲ್ಲ, ಓದಲು ಬಂದರೆ ಸಾಕು ಎಂದು ಶಿಫಾರಸು ಮಾಡಿತು. ಗುರಿಗೆ ತಕ್ಕಷ್ಟು ಗಂಟೆ ಕೊಡಿ ಎನ್ನುವ ಬದಲು ಇರುವ ಗಂಟೆಗೆ ಹೊಂದುವಂತೆ ಗುರಿಯನ್ನೇ ಕತ್ತರಿಸಿದರು. ಹದಿನಾಲ್ಕು ವರ್ಷದ ಬಳಿಕ ಯುದ್ಧ ಆ ಲೆಕ್ಕವನ್ನು ತಲೆಕೆಳಗು ಮಾಡಿತು. 1943ರಲ್ಲಿ ಸೇನೆ ಸಾವಿರಾರು ಸೈನಿಕರನ್ನು ವಿಶ್ವವಿದ್ಯಾಲಯಗಳಿಗೆ ಕಳಿಸಿ ಜಪಾನಿ, ಚೀನೀ, ರಷ್ಯನ್, ಇಟಾಲಿಯನ್ ಕಲಿಸಿಕೊಡಿ ಎಂದಿತು: ವಾರಕ್ಕೆ ಸುಮಾರು ಹದಿನೈದು ಗಂಟೆ, ಹತ್ತು ಹನ್ನೆರಡು ಜನರ ಗುಂಪು, ಒಂಬತ್ತು ತಿಂಗಳು. ವ್ಯಾಕರಣ ವಿವರಿಸಲು ಒಬ್ಬ ಭಾಷಾಶಾಸ್ತ್ರಜ್ಞ, ಬಾಯಿ ತಿದ್ದಲು ಅದೇ ಭಾಷೆಯನ್ನು ಹುಟ್ಟಿನಿಂದ ಆಡುವ ಒಬ್ಬ ಸಾಮಾನ್ಯ ಮನುಷ್ಯ. ಲಿಯೊನಾರ್ಡ್ ಬ್ಲೂಮ್‌ಫೀಲ್ಡ್ 1942ರಲ್ಲಿ ಬರೆದ ಪುಟ್ಟ ಕೈಪಿಡಿಯೊಂದು ಈ ಜೋಡಿಯ ಹಿಂದಿನ ತಾತ್ವಿಕ ಆಧಾರ. ಪತ್ರಿಕೆಗಳು ಇದನ್ನು ಪವಾಡವೆಂದು ಕೊಂಡಾಡಿದವು. ಅಷ್ಟು ಹೊಗಳಿಕೆ ಅದಕ್ಕೆ ಸಲ್ಲುವುದಿಲ್ಲ. ಆರಿಸಿ ತಂದ ಹುಡುಗರು, ಮೈಮೇಲೆ ಸಮವಸ್ತ್ರ, ತಪ್ಪಿದರೆ ನೇರ ರಣರಂಗ. ಅದಲ್ಲದೆ 1944ರ ಆರಂಭದಲ್ಲೇ ಸೈನಿಕರ ಕೊರತೆಯಿಂದ ಕಾರ್ಯಕ್ರಮವನ್ನು ಬಹುಮಟ್ಟಿಗೆ ಮೊಟಕುಗೊಳಿಸಿದರು. ಆದರೂ ಅದು ತೋರಿಸಿಕೊಟ್ಟ ಒಂದು ಸಂಗತಿಯನ್ನು ಅಲ್ಲಗಳೆಯಲಾಗದು. ಎರಡು ವರ್ಷ ಓದಿಯೂ ಬಾಯಿ ಬಿಡಲಾಗದ ವಿದ್ಯಾರ್ಥಿಗಳಿದ್ದ ಅವೇ ಕಾಲೇಜುಗಳಲ್ಲಿ, ಅವೇ ಪ್ರಾಧ್ಯಾಪಕರ ಕೈಯಲ್ಲಿ, ಗಂಟೆಗಳ ಹಂಚಿಕೆ ಬದಲಾದ ಕೂಡಲೇ ಫಲವೂ ಬದಲಾಯಿತು.

ಗಂಟೆಗಳ ಒಟ್ಟು ಮೊತ್ತವೇ ಮುಖ್ಯವಾದರೆ ಅದನ್ನು ಒತ್ತಾಗಿ ಕೊಟ್ಟರೇನು, ಹರಡಿ ಕೊಟ್ಟರೇನು ಎಂದು ಕೇಳಬಹುದು. ಇದಕ್ಕೆ ಉತ್ತರ ಸಂಶೋಧನೆಯಲ್ಲಿದೆ, ಆದರೆ ಎಚ್ಚರದಿಂದ ಓದಬೇಕಾದ ಉತ್ತರ. ಕೆನಡಾದ ಕ್ವಿಬೆಕ್‌ನಲ್ಲಿ ಫ್ರೆಂಚ್ ಮಾತನಾಡುವ ಶಾಲಾಮಕ್ಕಳಿಗೆ ಇಂಗ್ಲಿಷ್ ಕಲಿಸುವ ಕ್ರಮಗಳನ್ನು ಹೋಲಿಸಿದ 1999ರ ಅಧ್ಯಯನದಲ್ಲಿ, ಹತ್ತು ತಿಂಗಳಿಗೆ ಹರಡಿ ಕಲಿತವರಿಗಿಂತ ಐದು ತಿಂಗಳಲ್ಲಿ ಒತ್ತಾಗಿ ಕಲಿತವರು ಮುಂದಿದ್ದರು. ಅವರು ಮಕ್ಕಳು, ನಮ್ಮ ಪ್ರಶ್ನೆ ಪದವಿಯವರದು. ಬಾರ್ಸಿಲೋನಾದಲ್ಲಿ ರಾಕೆಲ್ ಸೆರಾನೊ ಮತ್ತು ಕಾರ್ಮೆನ್ ಮುನ್ಯೋಸ್ ದೊಡ್ಡವರನ್ನೇ ತೆಗೆದುಕೊಂಡು 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೆಚ್ಚು ನೇರವಾದದ್ದು: ಎಲ್ಲರಿಗೂ 110 ಗಂಟೆಯ ಇಂಗ್ಲಿಷ್, ಕೆಲವರಿಗೆ ತಿಂಗಳುಗಟ್ಟಲೆ ಹರಡಿ, ಕೆಲವರಿಗೆ ಕೆಲವೇ ವಾರಗಳಲ್ಲಿ. ಒತ್ತಾಗಿ ಕಲಿತವರ ಗಳಿಕೆ ಹೆಚ್ಚು. ಸೆರಾನೊ ಮುಂದೆ ನಡೆಸಿದ ಕೆಲಸದಲ್ಲಿ ಈ ಲಾಭ ಮಧ್ಯಮ ಮಟ್ಟದವರಲ್ಲಿ ಸ್ಪಷ್ಟವಾಗಿ ಕಂಡಿತು, ಮೇಲಿನ ಮಟ್ಟದವರಲ್ಲಿ ಅಷ್ಟಾಗಿ ಕಾಣಲಿಲ್ಲ. ನನಗೆ ಇದು ಇಡೀ ಚರ್ಚೆಯ ಕೀಲಿಯಂತೆ ತೋರುತ್ತದೆ. ಒತ್ತು ಕೊಡಬೇಕಾದದ್ದು ಕೆಳಗಿನ ಮೆಟ್ಟಿಲುಗಳಲ್ಲಿ. ಮೇಲೇರಿದ ಮೇಲೆ ತೆಳುವಾದರೂ ನಷ್ಟ ಕಡಿಮೆ. ನಮ್ಮ ಪದವಿಗಳ ಕ್ರಮ ಇದಕ್ಕೆ ಸರಿಯಾಗಿ ಉಲ್ಟಾ: ಮೊದಲ ವರ್ಷ ಪರಿಚಯವೆಂದು ತೆಳ್ಳಗೆ, ಯಾರಾದರೂ ಉಳಿದುಕೊಂಡರೆ ಎಂ.ಎ.ಯಲ್ಲಿ ಗಟ್ಟಿಯಾಗಿ. ನೀರು ಕಾಯುವ ಮೊದಲೇ ಒಲೆ ಆರಿಸಿ, ಮರುವಾರ ಮತ್ತೆ ಹೊತ್ತಿಸುವ ಕೆಲಸ ಇದು.

ಒತ್ತು ಎಂದರೆ ಗಂಟೆ ಮಾತ್ರವಲ್ಲ ಎಂಬುದನ್ನು ತೋರಿಸಿದ ಇನ್ನೊಂದು ಅಧ್ಯಯನವಿದೆ. ಬಾರ್ಬರಾ ಫ್ರೀಡ್, ನಾರ್ಮನ್ ಸೆಗಾಲೋವಿಟ್ಸ್, ಡ್ಯಾನ್ ಡ್ಯೂಯಿ 2004ರಲ್ಲಿ ಫ್ರೆಂಚ್ ಕಲಿಯುವ 28 ಅಮೆರಿಕನ್ ವಿದ್ಯಾರ್ಥಿಗಳನ್ನು ಹೋಲಿಸಿದರು. ಒಂದು ಗುಂಪು ತನ್ನ ಕಾಲೇಜಿನಲ್ಲೇ ಮಾಮೂಲಿ ತರಗತಿಗೆ ಹೋಯಿತು, ಇನ್ನೊಂದು ಫ್ರಾನ್ಸಿಗೆ ಹೋಯಿತು, ಮೂರನೆಯದು ಅಮೆರಿಕದಲ್ಲೇ ಬೇಸಿಗೆಯ ತೀವ್ರ ಶಿಬಿರ ಸೇರಿತು. ಮಾತಿನ ಸರಾಗತೆಯಲ್ಲಿ ಎಲ್ಲರಿಗಿಂತ ಮುಂದೆ ಹೋದವರು ಫ್ರಾನ್ಸಿಗೆ ಹೋದವರಲ್ಲ, ಶಿಬಿರದವರು. ಪ್ಯಾರಿಸ್‌ನಲ್ಲಿದ್ದವರು ತರಗತಿ ಮುಗಿದೊಡನೆ ತಮ್ಮ ತಮ್ಮಲ್ಲೇ ಇಂಗ್ಲಿಷ್‌ಗೆ ಇಳಿಯುತ್ತಿದ್ದರು. ಶಿಬಿರದವರಿಗೆ ಆ ಅವಕಾಶವೇ ಇರಲಿಲ್ಲ. ಅಧ್ಯಯನ ಚಿಕ್ಕದು, ಶಿಬಿರಕ್ಕೆ ಬರುವವರ ಹುರುಪು ಮೊದಲೇ ಹೆಚ್ಚಿರುತ್ತದೆ ಎಂಬ ಆಕ್ಷೇಪವೂ ಸರಿ. ಆದರೆ ಅದು ಬೊಟ್ಟು ಮಾಡುವ ಕಾರಣವನ್ನು ನಂಬಬಹುದು. ವರ್ಮಾಂಟ್‌ನ ಮಿಡಲ್‌ಬರಿ ಕಾಲೇಜಿನ ಬೇಸಿಗೆ ಭಾಷಾಶಾಲೆಗಳು ಇದೇ ತತ್ವದ ಮೇಲೆ ನಿಂತಿವೆ. ಅಲ್ಲಿ 1915ರಲ್ಲಿ ಜರ್ಮನ್ ಶಾಲೆ ಶುರುವಾಯಿತು. ಇವತ್ತಿಗೂ ಸೇರುವವರು ಇಷ್ಟು ವಾರ ಬೇರೆ ಭಾಷೆ ಆಡುವುದಿಲ್ಲವೆಂಬ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕುತ್ತಾರೆ; ಊಟದ ಮನೆ, ಆಟದ ಬಯಲು, ಕೋಣೆಯ ಜಗಳ, ಎಲ್ಲವೂ ಕಲಿಯುವ ಭಾಷೆಯಲ್ಲೇ. ಹೊಸ ಭಾಷೆಯಲ್ಲಿ ಉಪ್ಪು ಕೇಳಲು ತಡವರಿಸಿ, ಕೊನೆಗೂ ಕೇಳಿ ಪಡೆದವನಿಗೆ ಆ ವಾಕ್ಯವನ್ನು ಪರೀಕ್ಷೆಗೆಂದು ಮತ್ತೆ ಓದಬೇಕಾಗುವುದಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಮರೆವಿನದು. ನೆನಪಿನ ಮನೋವಿಜ್ಞಾನ 1885ರಲ್ಲಿ ಹರ್ಮನ್ ಎಬಿಂಗ್‌ಹೌಸ್ ಕಾಲದಿಂದಲೂ ಹೇಳುತ್ತ ಬಂದಿದೆ: ಅಂತರ ಬಿಟ್ಟು ಓದಿದ್ದು ಉಳಿಯುತ್ತದೆ, ಒಂದೇ ಉಸಿರಿಗೆ ಓದಿದ್ದು ಹಾರಿಹೋಗುತ್ತದೆ. ಹ್ಯಾರಿ ಬಾರಿಕ್ ಎಂಬ ಮನೋವಿಜ್ಞಾನಿ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳ ಜೊತೆ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1993ರಲ್ಲಿ ಪ್ರಕಟಿಸಿದ ಫಲಿತಾಂಶ ಪ್ರಸಿದ್ಧ: 56 ದಿನಕ್ಕೊಮ್ಮೆಯಂತೆ 13 ಸಲ ಮೆಲುಕು ಹಾಕಿದ ವಿದೇಶಿ ಪದಗಳು, 14 ದಿನಕ್ಕೊಮ್ಮೆಯಂತೆ 26 ಸಲ ಮೆಲುಕು ಹಾಕಿದವುಗಳಷ್ಟೇ ನೆನಪಿನಲ್ಲಿ ಉಳಿದವು. ಹಾಗಾದರೆ ತೀವ್ರ ಕಲಿಕೆ ಪರೀಕ್ಷೆಯ ಹಿಂದಿನ ರಾತ್ರಿಯ ಓದಿನ ಹಿರಿಯಣ್ಣನಲ್ಲವೇ? ಅಲ್ಲ. ಪ್ರಯೋಗದಲ್ಲಿರುವುದು ಜೋಡಿಪದಗಳ ಪಟ್ಟಿ. ಭಾಷೆಯ ತರಗತಿಯಲ್ಲಿ ಸೋಮವಾರ ಕಲಿತ ಕ್ರಿಯಾಪದ ಮಂಗಳವಾರದ ಸಂಭಾಷಣೆಯಲ್ಲಿ, ಶುಕ್ರವಾರದ ಪತ್ರದಲ್ಲಿ, ಮುಂದಿನ ತಿಂಗಳ ಪತ್ರಿಕಾ ವರದಿಯಲ್ಲಿ ತಾನಾಗಿ ಮರಳುತ್ತದೆ; ಬೇಕಾದ ಅಂತರ ಒತ್ತಿನ ಒಳಗೇ ಇದೆ. ವಾರಕ್ಕೊಮ್ಮೆ ಮಾತ್ರ ಭಾಷೆ ಕೇಳುವವನಿಗೆ ಅಂತರವಷ್ಟೇ ಇದೆ, ಮರಳಿಕೆ ಇಲ್ಲ. ಬಾರಿಕ್ ಅವರದೇ 1984ರ ಇನ್ನೊಂದು ಅಧ್ಯಯನ ಈ ವಾದಕ್ಕೆ ಬೆಂಬಲವಾಗಿದೆ. ಶಾಲೆ ಕಾಲೇಜಿನಲ್ಲಿ ಸ್ಪ್ಯಾನಿಷ್ ಓದಿದ 733 ಜನರನ್ನು ಐವತ್ತು ವರ್ಷದವರೆಗಿನ ಅಂತರದಲ್ಲಿ ಪರೀಕ್ಷಿಸಿದಾಗ, ಮೊದಲ ಮೂರರಿಂದ ಆರು ವರ್ಷ ಮರೆವು ಜೋರಾಗಿ ನಡೆದು, ಬಳಿಕ ಉಳಿದದ್ದು ಸುಮಾರು ಇಪ್ಪತ್ತೈದು ಮೂವತ್ತು ವರ್ಷ ಕದಲದೆ ನಿಂತಿತ್ತು. ಎಷ್ಟು ಉಳಿಯಿತು ಎಂಬುದನ್ನು ನಿರ್ಧರಿಸಿದ್ದು ಮೊದಲಿಗೆ ಎಷ್ಟು ಎತ್ತರಕ್ಕೆ ಕಲಿತಿದ್ದರು ಎಂಬುದು. ಒಂದು ಸೆಮಿಸ್ಟರಿನ ಪರಿಚಯದವನಲ್ಲಿ ಹೀಗೆ ನೆಲೆ ನಿಲ್ಲುವಂಥದ್ದು ಹೆಚ್ಚೇನೂ ಇರುವುದಿಲ್ಲ. ಆಕ್ಷೇಪದಲ್ಲಿ ಒಪ್ಪಬೇಕಾದ ಪಾಲೂ ಇದೆ: ಒಂದು ವರ್ಷ ಒತ್ತಾಗಿ ಕಲಿಸಿ ಎರಡನೇ ವರ್ಷ ಪೂರ್ತಿ ಕೈಬಿಟ್ಟರೆ, ಮರೆವಿನ ಆ ಮೊದಲ ಕೆಲವು ವರ್ಷಗಳು ಗಳಿಕೆಯ ದೊಡ್ಡ ಪಾಲನ್ನು ತಿಂದುಹಾಕುತ್ತವೆ. ವಾರಕ್ಕೆ ಮೂರು ಗಂಟೆಗೆ ನಿಜವಾದ ಜಾಗ ಇಲ್ಲಿದೆ, ಎರಡನೇ ಮತ್ತು ಮೂರನೇ ವರ್ಷದಲ್ಲಿ.

ಇಂಗ್ಲಿಷ್ ಇದೆ, ಜೇಬಿನಲ್ಲಿ ಅನುವಾದ ಮಾಡುವ ಫೋನ್ ಇದೆ, ಇಷ್ಟೆಲ್ಲ ಯಾಕೆ ಎನ್ನುವವರಿಗೆ ರಷ್ಯಾಕ್ಕೆ ವೈದ್ಯಕೀಯ ಓದಲು ಹೋಗುವ ಕರ್ನಾಟಕದ ವಿದ್ಯಾರ್ಥಿಗಳ ಸ್ಥಿತಿಯನ್ನು ತೋರಿಸಬಹುದು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಂತೆ ವಿದೇಶದ ಪದವಿ ಇಲ್ಲಿ ಊರ್ಜಿತವಾಗಬೇಕಾದರೆ ಕನಿಷ್ಠ 54 ತಿಂಗಳ ಓದು ಇಂಗ್ಲಿಷ್ ಮಾಧ್ಯಮದಲ್ಲೇ ನಡೆದಿರಬೇಕು. ಪಠ್ಯ ಇಂಗ್ಲಿಷ್, ಉಪನ್ಯಾಸ ಇಂಗ್ಲಿಷ್. ಆದರೆ ವಾರ್ಡಿನಲ್ಲಿ ಮಲಗಿರುವ ಅಜ್ಜಿಗೆ ಗೊತ್ತಿರುವುದು ರಷ್ಯನ್. ನೋವು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಊಟದ ಮುಂಚೆಯೋ ಆಮೇಲೋ, ಚುಚ್ಚುವ ನೋವೋ ಹಿಂಡುವ ನೋವೋ ಎಂದು ಕೇಳಿ ತಿಳಿಯುವುದೇ ವೈದ್ಯಶಿಕ್ಷಣದ ಅರ್ಧ. ಅದನ್ನು ಫೋನ್ ಮೂಲಕ ಕೇಳಬಹುದು. ಆದರೆ ರೋಗಿ ಮಧ್ಯದಲ್ಲಿ ತಡೆದು ಹೇಳಿದ ಮಾತು, ನಾಚಿಕೊಂಡು ಬಿಟ್ಟ ಮಾತು ಫೋನಿಗೆ ಸಿಗುವುದಿಲ್ಲ. ಅದಲ್ಲದೆ ಪ್ರಾಧ್ಯಾಪಕರು ರೋಗಿಯೊಡನೆ ನಡೆಸುವ ಮಾತುಕತೆಯೇ ಅಲ್ಲಿ ಪಾಠ. ಭಾಷೆ ತಿಳಿಯದವನು ಅದನ್ನು ಸಾರಾಂಶವಾಗಿ ಮಾತ್ರ ಪಡೆಯುತ್ತಾನೆ. ಲುಮುಂಬಾ ವಿಶ್ವವಿದ್ಯಾಲಯದ ಆ ಕಾಲದ ವಿದ್ಯಾರ್ಥಿಗೆ ಈ ತೊಡಕು ಇರಲಿಲ್ಲ, ಯಾಕೆಂದರೆ ಅವನ ಮೊದಲ ವರ್ಷ ಭಾಷೆಗೇ ಮೀಸಲಾಗಿತ್ತು.

ಕನ್ನಡದ ವಿದ್ಯಾರ್ಥಿಯ ಲೆಕ್ಕ ಬೇರೆಯೇ ಇರಬಹುದು ಎಂಬುದರ ಕಡೆ ಯಾರೂ ಹೆಚ್ಚು ಗಮನ ಕೊಟ್ಟಂತಿಲ್ಲ. ಜಪಾನಿಗೆ 2,200 ಗಂಟೆ ಎಂಬುದು ಇಂಗ್ಲಿಷಿನವರ ಲೆಕ್ಕ. ‘ನಾಳೆ ಬರ್ತೀನಿ ಅಂತ ಹೇಳಿ ಮರಳಿದ’ ಎಂಬ ವಾಕ್ಯವನ್ನು ಜಪಾನಿಯಲ್ಲಿ ‘ಅಶಿತ ಕುರು ತೊ ಇತ್ತೆ ಕಾಯೆತ್ತ’ ಎನ್ನುತ್ತಾರೆ: ನಾಳೆ, ಬರುವುದು, ಅಂತ, ಹೇಳಿ, ಮರಳಿದ. ಐದಕ್ಕೆ ಐದು ಪದ, ಅದೇ ಸಾಲಿನಲ್ಲಿ. ಕ್ರಿಯಾಪದ ಕೊನೆಗೆ, ವಿಭಕ್ತಿಯ ಕೆಲಸ ಮಾಡುವ ಪ್ರತ್ಯಯ ನಾಮಪದದ ಹಿಂದೆ, ‘ಹೇಳಿ’ಯಂಥ ಕೃದಂತದಿಂದ ವಾಕ್ಯ ಜೋಡಣೆ, ಇಂಗ್ಲಿಷಿನವನು ತಿಂಗಳುಗಟ್ಟಲೆ ಹೆಣಗುವ ಈ ರಚನೆಗಳು ಕನ್ನಡಿಗನಿಗೆ ಮನೆಯ ಮಾತಿನಂತೆಯೇ ಇವೆ. ಲಿಪಿ ಮಾತ್ರ ಯಾರನ್ನೂ ಬಿಡುವುದಿಲ್ಲ, ನಿತ್ಯಬಳಕೆಗೆಂದು ಸರ್ಕಾರ ಗೊತ್ತುಮಾಡಿರುವ 2,136 ಕಾಂಜಿ ಅಕ್ಷರಗಳನ್ನು ಎಲ್ಲರೂ ಕೂತು ಬರೆಯಲೇಬೇಕು. ಜರ್ಮನ್‌ನಲ್ಲಿ ಉಪವಾಕ್ಯದ ಕ್ರಿಯಾಪದ ಕೊನೆಗೆ ಹೋಗುವುದು ನಮಗೆ ಸಲೀಸು, ಆದರೆ ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಹುಡುಗಿ ನಪುಂಸಕ ಎನ್ನುವಲ್ಲಿ ಅರ್ಥ ನೋಡಿ ಲಿಂಗ ಹೇಳುವ ಕನ್ನಡದ ಅಭ್ಯಾಸ ಕೈಕೊಡುತ್ತದೆ. ನಮ್ಮ ತರಗತಿಗಳಲ್ಲಿ ಇಂಗ್ಲಿಷಿನವರಿಗೆಂದು ಬರೆದ ಪುಸ್ತಕ, ಇಂಗ್ಲಿಷಿನಲ್ಲಿ ವಿವರಣೆ. ಪಿಯುಸಿ ತನಕ ಕನ್ನಡದಲ್ಲಿ ಓದಿ ಬಂದ ಹುಡುಗಿ ಜಪಾನಿ ವಾಕ್ಯವನ್ನು ಮೊದಲು ಇಂಗ್ಲಿಷಿಗೆ ತಿರುಗಿಸಿ, ಆಮೇಲೆ ತನ್ನ ತಲೆಯಲ್ಲಿ ಮತ್ತೆ ನೆಟ್ಟಗೆ ಮಾಡಿಕೊಳ್ಳಬೇಕು. ತನಗೆ ಸಲೀಸಾಗಬಹುದಾಗಿದ್ದನ್ನು ಅವಳು ಬೇರೆಯವರ ಕಷ್ಟದ ಮೂಲಕ ಕಲಿಯುತ್ತಾಳೆ. ತೀವ್ರ ಕಲಿಕೆಯಲ್ಲಿ ಇಂಗ್ಲಿಷಿನ ಮಧ್ಯಸ್ಥಿಕೆ ಮೊದಲ ಕೆಲವು ವಾರಗಳಲ್ಲೇ ಕಳಚಿಬೀಳುತ್ತದೆ, ಹೀಗಾಗಿ ಅದು ಕನ್ನಡ ಮಾಧ್ಯಮದವರ ಪಾಲಿಗೆ ಶ್ರೀಮಂತರ ಹವ್ಯಾಸವಾಗಿರದೆ ಸಮಬಲ ತರುವ ಕ್ರಮವೂ ಆಗಬಲ್ಲದು.

ಸಮಯ ಎಲ್ಲಿದೆ ಎಂಬ ಪ್ರಶ್ನೆ ಉಳಿಯುತ್ತದೆ. ಕರ್ನಾಟಕ 2024ರಲ್ಲಿ ನಾಲ್ಕು ವರ್ಷದ ಪದವಿಯನ್ನು ಬಿಟ್ಟು ಮೂರು ವರ್ಷಕ್ಕೆ ಮರಳಿದೆ. ಅದರಲ್ಲಿ ಒಂದು ವರ್ಷವನ್ನು ಭಾಷೆಗೆ ಕೊಡಿ ಎಂದರೆ ಯಾರೂ ಒಪ್ಪರು, ಒಪ್ಪಬೇಕಾಗಿಯೂ ಇಲ್ಲ. ಎಲ್ಲ ವಿದ್ಯಾರ್ಥಿಗಳಿಗೂ ವಿದೇಶಿ ಭಾಷೆ ಬೇಕೆಂಬ ಹಟವೇ ತಪ್ಪು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೊರಿಯನ್, ಜಪಾನಿ, ಥಾಯ್‌ನಿಂದ ಪೋರ್ಚುಗೀಸ್, ರಷ್ಯನ್‌ವರೆಗೆ ಉದ್ದನೆಯ ಪಟ್ಟಿ ಕೊಟ್ಟಿತು, ಗಂಟೆಗಳ ಲೆಕ್ಕ ಕೊಡಲಿಲ್ಲ. ಹತ್ತು ಭಾಷೆಯನ್ನು ನೂರು ಕಾಲೇಜಿನಲ್ಲಿ ತೆಳ್ಳಗೆ ಹರಡುವುದಕ್ಕಿಂತ ಮೂರೋ ನಾಲ್ಕೋ ಭಾಷೆಯನ್ನು ಕೆಲವೇ ಕಡೆ, ಬೇಕೆಂದು ಬಂದವರಿಗೆ ಗಟ್ಟಿಯಾಗಿ ಕಲಿಸಬಹುದು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಪಿಯುಸಿ ಮುಗಿಸಿದವರನ್ನು ಅಕ್ಷರದಿಂದ ಆರಂಭಿಸಿ ರಷ್ಯನ್, ಜಪಾನಿ, ಸ್ಪ್ಯಾನಿಷ್‌ಗಳಲ್ಲಿ ಪದವೀಧರರನ್ನಾಗಿ ಮಾಡುತ್ತ ಬಂದಿದೆ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲೂ ಈ ದಾರಿ ಇದೆ. ಬೇರೆ ವಿಷಯದವರಿಗೆ ಪಿಯುಸಿ ಪರೀಕ್ಷೆಗೂ ಪದವಿಯ ಮೊದಲ ತರಗತಿಗೂ ನಡುವೆ ತಿಂಗಳುಗಳೇ ಖಾಲಿ ಇರುತ್ತವೆ. ದಿನಕ್ಕೆ ಐದು ಗಂಟೆಯಂತೆ ಎಂಟು ವಾರ ಎಂದರೆ 200 ಗಂಟೆ, ಈಗಿನ ನಾಲ್ಕು ಸೆಮಿಸ್ಟರಿಗಿಂತ ಹೆಚ್ಚು. ಮೇಷ್ಟ್ರು ಎಲ್ಲಿ ಎಂಬ ಪ್ರಶ್ನೆಗೆ ಯುದ್ಧಕಾಲದ ಜೋಡಿಯೇ ಉತ್ತರ: ವಿವರಿಸಲು ತರಬೇತಾದ ಒಬ್ಬರು, ಬಾಯಿ ತಿದ್ದಲು ಹುಟ್ಟಾ ಮಾತುಗಾರರು. ಮೈಸೂರು, ಮಣಿಪಾಲ, ಬೆಂಗಳೂರಿನ ಹಾಸ್ಟೆಲುಗಳಲ್ಲಿ ಅರಬ್ಬಿ, ಪಾರಸಿ ಮನೆಮಾತಿನ ವಿದ್ಯಾರ್ಥಿಗಳು ಇದ್ದಾರೆ, ಅವರಿಗೆ ಗಂಟೆಯ ಲೆಕ್ಕದಲ್ಲಿ ಸಂಬಳ ಕೊಟ್ಟು ಕರೆಯಬೇಕೆಂದು ಯಾರಿಗೂ ತೋಚಿದಂತಿಲ್ಲ.

ವಿದೇಶಿ ಭಾಷೆಗೆ ಇಷ್ಟು ಮಾಡಿದರೆ ಕನ್ನಡದ ಗತಿಯೇನು ಎಂಬ ಆತಂಕ ಸಹಜವೇ. ಆದರೆ ಕನ್ನಡಕ್ಕೂ ನಾವು ಮಾಡಿರುವುದು ತೆಳ್ಳನೆಯ ಏರ್ಪಾಡನ್ನೇ. ಹೊರರಾಜ್ಯದಿಂದ ಬಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಂದು ‘ಬಳಕೆ ಕನ್ನಡ’ ಎಂಬ ಪಠ್ಯವಿದೆ. ಅದಕ್ಕೆ ಸಿಗುವುದು ಒಂದು ಕ್ರೆಡಿಟ್. ನಾಲ್ಕು ವರ್ಷ ಬೆಂಗಳೂರಿನಲ್ಲಿದ್ದವರು ಆಟೋದವರ ಜೊತೆ ಮಾತಾಡಲಾಗದೆ ಹೋಗುವುದಕ್ಕೆ ಅವರ ದುರಹಂಕಾರವೊಂದೇ ಕಾರಣವೆಂದು ಬೈಯುವ ಮೊದಲು ಆ ಒಂದು ಕ್ರೆಡಿಟನ್ನೂ ನೋಡಬೇಕು. ಇದಕ್ಕೆ ಪರ್ಯಾಯ ನಮ್ಮ ಮನೆಯಂಗಳದಲ್ಲೇ ಇದೆ. 1969ರಲ್ಲಿ ಮೈಸೂರಿನಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನದ ಪ್ರಾದೇಶಿಕ ಕೇಂದ್ರಗಳು ಹೊರಭಾಷೆಯ ಶಿಕ್ಷಕರಿಗೆ ಕನ್ನಡ, ತಮಿಳು, ತೆಲುಗು, ಮಲಯಾಳಂಗಳನ್ನು ಹತ್ತು ತಿಂಗಳ ಪೂರ್ಣಾವಧಿ ತರಬೇತಿಯಲ್ಲಿ ಕಲಿಸುತ್ತ ಬಂದಿವೆ. ಬರುವವರು ಅಕ್ಷರದಿಂದ ಶುರುಮಾಡುತ್ತಾರೆ, ತಮ್ಮ ರಾಜ್ಯಕ್ಕೆ ಮರಳಿ ಅದೇ ಭಾಷೆಯ ಪಾಠ ಹೇಳಲೆಂದು ಸಜ್ಜಾಗುತ್ತಾರೆ. ಕಲಿಯುವ ಕಾಲದಲ್ಲಿ ಅವರನ್ನು ಕರ್ತವ್ಯದಿಂದ ಬಿಡುಗಡೆ ಮಾಡಿ ನಿಯೋಜನೆಯ ಮೇಲೆ ಕಳಿಸುವುದು ಅವರವರ ರಾಜ್ಯ ಸರ್ಕಾರ.